ಮಡಿಕೆ ಮಾರುತ್ತಿದ್ದವಳ ದನಿ

ಎರಡು ವಾರದಿಂದ ರಾತ್ರಿ ಮಲಗುವ ಮುಂಚೆ ಒಬ್ಬಳೇ ಹಾಡುಗಾರ್ತಿಯನ್ನು ಕೇಳುತ್ತಿದ್ದೇನೆ. ಆಕೆ ತೀರಿಕೊಂಡು ಎಪ್ಪತ್ತು ವರ್ಷಕ್ಕೂ ಜಾಸ್ತಿ ಆಯ್ತು. ಮೊದಲು ಹಳೇ ಗ್ರಾಮಫೋನ್ ಪ್ಲೇಟಿನ ಚಟಪಟ ಸದ್ದು, ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ. ಆಮೇಲೆ ಊದ್. ಅದು ಅರಬ್ಬರ ತಂತಿವಾದ್ಯ, ಹೊಟ್ಟೆ ದಪ್ಪ, ಕತ್ತು ಗಿಡ್ಡ. ಅದರ ಬೆನ್ನಿಗೇ ಪಿಟೀಲು. ಇದೆಲ್ಲ ಆದ ಮೇಲೆ ಆಕೆಯ ದನಿ ಬರುತ್ತೆ ನೋಡಿ, ಪಕ್ಕದಲ್ಲಿ ಕೂತು ಹಾಡುವವರ ಥರ ಅಲ್ಲ, ಬೀದಿಯ ಆ ತುದಿಯಿಂದ ಯಾರನ್ನೋ ಕೂಗಿ ಕರೆಯುವವರ ಥರ.

ಹೆಸರು ಸಿತಿ ಬಿಂತಿ ಸಾದ್. ಪೂರ್ವ ಆಫ್ರಿಕಾದ ಜಾಂಜಿಬಾರ್ ದ್ವೀಪದವಳು.

ಹುಟ್ಟಿದ್ದು ಸುಮಾರು 1880ರಲ್ಲಿ, ಫುಂಬಾ ಅನ್ನೋ ಹಳ್ಳಿಯಲ್ಲಿ. ಮನೆಯವರು ಇಟ್ಟ ಹೆಸರು ಸಿತಿ ಅಲ್ಲ, ಮ್ತುಮ್ವಾ. ಸ್ವಾಹಿಲಿಯಲ್ಲಿ ಹಾಗೆಂದರೆ ಗುಲಾಮ, ಆಳು. ಒಂದು ಕೂಸಿಗೆ ಈ ಹೆಸರು ಇಡುವಂಥ ಕಾಲ ಅದು. ಜಾಂಜಿಬಾರಿನಲ್ಲಿ ಗುಲಾಮರ ಸಂತೆ ಮುಚ್ಚಿದ್ದು 1873ರಲ್ಲಿ, ಗುಲಾಮಗಿರಿ ಕಾನೂನಿನಲ್ಲಿ ರದ್ದಾಗಿದ್ದು 1897ರಲ್ಲಿ. ಅಂದರೆ ಆಕೆ ಹದಿನೇಳರ ಆಸುಪಾಸಿಗೆ ಬರುವ ತನಕ ಆ ದ್ವೀಪದಲ್ಲಿ ಮನುಷ್ಯರನ್ನು ಮನುಷ್ಯರು ಇಟ್ಟುಕೊಳ್ಳುವುದು ಕಾನೂನಿಗೆ ಒಪ್ಪಿಗೆಯೇ ಆಗಿತ್ತು. ಸಿತಿ ಅಂದರೆ ಗೌರವಸ್ಥ ಹೆಂಗಸು, ಅಮ್ಮಾವ್ರು ಅಂತೀವಲ್ಲ, ಹಾಗೆ. ಆ ಹೆಸರು ಬಂದಿದ್ದು ಪೇಟೆಗೆ ಬಂದು ಹಾಡಲು ಶುರುಮಾಡಿದ ಮೇಲೆ.

ಮನೆಯ ಕಸುಬು ಮಡಿಕೆ. ಮಾಡಿದ ಮಡಿಕೆಗಳನ್ನು ಪೇಟೆಗೆ ಹೊತ್ತು ತಂದು ಬೀದಿ ಬೀದಿ ತಿರುಗಿ ಮಾರುತ್ತಿದ್ದಳು, ಹಾಡುತ್ತಾ ಕೂಗುತ್ತಾ. ಆಕೆ ಬಂದಳು ಅಂತ ಜನಕ್ಕೆ ಗೊತ್ತಾಗುತ್ತಿದ್ದುದೇ ದನಿಯಿಂದ. ಇದನ್ನು ಓದಿದಾಗ ನನಗೆ ನಮ್ಮ ಬೀದಿಯ ಸೊಪ್ಪಿನಜ್ಜಿ ನೆನಪಾದಳು. ಬೆಳಿಗ್ಗೆ ಏಳಕ್ಕೆ ಬರುತ್ತಾಳೆ. "ಸೊಪ್ಪೋಓಓ" ಅಂತ ಅವಳು ಎಳೆಯುವ ಆ ಕೊನೆಯ ಓಕಾರ ಮೂರನೇ ಮಹಡಿಯ ಅಡುಗೆಮನೆಗೂ ಮುಟ್ಟುತ್ತೆ, ಮಿಕ್ಸಿ ಸದ್ದಿನ ಮೇಲೂ ಕೇಳುತ್ತೆ. ಅದು ಕಿರುಚಾಟ ಅಲ್ಲವೇ ಅಲ್ಲ. ಹೊಟ್ಟೆಯಿಂದ ಬರುವ ದನಿ, ಎಲ್ಲಿ ಉಸಿರು ತಗೋಬೇಕು ಅನ್ನೋದು ಅವಳಿಗೆ ಗೊತ್ತು. ಸಿತಿಗೂ ಮೊದಲ ಪಾಠ ಆಗಿದ್ದು ಹೀಗೇ ಅಂತ ನಾನು ನಂಬಿದ್ದೇನೆ. ಶಾಲೆಯ ಮುಖ ಕಂಡವಳಲ್ಲ. ತಲೆ ಮೇಲೆ ಭಾರ, ಬಿಸಿಲು, ಎದುರಿಗೆ ಕಲ್ಲಿನ ಮನೆಗಳು, ಒಳಗಿರುವ ಹೆಂಗಸರ ಕಿವಿಗೆ ಬಿದ್ದರಷ್ಟೇ ಆವತ್ತಿನ ವ್ಯಾಪಾರ.

1911ರಲ್ಲಿ ಆಕೆ ಪೇಟೆಗೇ ಬಂದು ನಿಂತಳು. ಅಲಿ ಮುಹ್ಸಿನ್ ಅನ್ನೋ ಸಂಗೀತಗಾರ ಆಕೆಯ ದನಿ ಗುರುತಿಸಿ ತಾರಬ್ ಕಲಿಸಿದ.

ತಾರಬ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಇದು ಅರಮನೆಯಲ್ಲಿ ಬೆಳೆದ ಸಂಗೀತ. 1870ರಿಂದ 1888ರವರೆಗೆ ಆಳಿದ ಸುಲ್ತಾನ ಬರ್ಗಾಶ್ ತನ್ನ ಕಡೆಯ ಒಬ್ಬನನ್ನು ಕೈರೋಗೆ ಕಳಿಸಿ ಕಾನೂನ್ ಅನ್ನೋ ತಂತಿವಾದ್ಯ ಕಲಿಸಿದ. ಹಾಡು ಅರಬ್ಬೀ ಭಾಷೆಯಲ್ಲಿ. 1905ರಲ್ಲಿ ಊರಿನ ದೊಡ್ಡ ಮನೆತನಗಳ ಗಂಡಸರು ಸೇರಿ ನಾದಿ ಇಖ್ವಾನ್ ಸಫಾ ಅಂತ ಒಂದು ಸಂಗೀತದ ಕೂಟ ಕಟ್ಟಿದರು, ಅದು ಇವತ್ತಿಗೂ ಇದೆ. ಸಿತಿಯ ಗುರು ಅಲಿ ಮುಹ್ಸಿನ್ ಕೂಡ ಆ ಕೂಟದವನೇ. ಅಲ್ಲಿಯ ಹಾಡು ಕೇಳಲು ಚೆಂದ, ಆದರೆ ಬೀದಿಯಲ್ಲಿ ಹೋಗುವ ಸಾಮಾನ್ಯ ಜನಕ್ಕೆ ಅದರ ಒಂದು ಸಾಲೂ ಅರ್ಥ ಆಗುತ್ತಿರಲಿಲ್ಲ.

ಸಿತಿ ಆ ರಾಗ, ಆ ವಾದ್ಯಗಳನ್ನೇ ಇಟ್ಟುಕೊಂಡು ಸ್ವಾಹಿಲಿಯಲ್ಲಿ ಹಾಡಿದಳು. ಕೇಳಲು ಸಣ್ಣ ವಿಷಯ ಅನ್ನಿಸಬಹುದು. ಅಲ್ಲ. ಸ್ವಾಹಿಲಿಯಲ್ಲಿ ಮೂರು ಮೂರು ಸಾಲಿನ ಪದ್ಯ ಕಟ್ಟುತ್ತಾರೆ, ಸಾಲಿನ ನಡುವೆ ಒಂದು ಪ್ರಾಸ, ಕೊನೆಗೆ ಇನ್ನೊಂದು. ಬೀಸುವಾಗ ಹೇಳುವ ತ್ರಿಪದಿ ಕೇಳಿ ಬೆಳೆದವರಿಗೆ ಮೂರು ಸಾಲಿನಲ್ಲಿ ಎಷ್ಟು ಹೇಳಬಹುದು ಅಂತ ವಿವರಿಸಬೇಕಾಗಿಲ್ಲ. ಆಕೆಯ ಮೇಳ ಇದ್ದಿದ್ದು ನ್ಗಾಂಬೊ ಕೇರಿಯಲ್ಲಿ. ನ್ಗಾಂಬೊ ಅಂದರೆ ಆಚೆ ದಡ. ಕಲ್ಲಿನ ಮನೆಗಳ ಪೇಟೆಗೂ ಇದಕ್ಕೂ ನಡುವೆ ಸಮುದ್ರದ ನೀರು ನುಗ್ಗುವ ಒಂದು ಹಳ್ಳ. ಕೂಲಿಯವರು, ಮೀನುಗಾರರು, ಗುಲಾಮಗಿರಿಯಿಂದ ಹೊರಬಂದವರು, ಅವರ ಮಕ್ಕಳು, ಎಲ್ಲ ಈ ಕಡೆ. ಸಂಜೆ ಆಕೆಯ ಮನೆಯಲ್ಲಿ ಹಾಡು ಶುರುವಾದರೆ ಕೇರಿಯವರು ಬಂದು ಸೇರುತ್ತಿದ್ದರು. ಸುಲ್ತಾನನ ಮುಂದೆಯೂ ಹಾಡಿದಳು, ಶ್ರೀಮಂತರ ಮದುವೆಗಳಲ್ಲೂ ಹಾಡಿದಳು. ಮನೆ ಮಾತ್ರ ಆಚೆ ದಡದಲ್ಲೇ ಇತ್ತು.

ಹೊಟ್ಟೆಕಿಚ್ಚಿನವರು ಸುಮ್ನೆ ಬಿಡುತ್ತಾರಾ? ಆಕೆಯ ಮೇಲೇ ಒಂದು ಪದ ಕಟ್ಟಿ ಹಾಡಿದರು. ಈ ಸಿತಿ ಮನುಷ್ಯಳಾಗಿದ್ದು ಯಾವಾಗ, ಕನಿಕಿ ಸುತ್ತಿಕೊಂಡು ಪೇಟೆಗೆ ಬಂದವಳು, ದನಿಯೊಂದು ಇಲ್ಲದಿದ್ದರೆ ಏನು ತಿನ್ನುತ್ತಿದ್ದಳು, ಅಂತ. ಕನಿಕಿ ಅಂದರೆ ಗುಲಾಮರು, ಬಡ ಹೆಂಗಸರು ಉಡುತ್ತಿದ್ದ ಕಪ್ಪು ಬಟ್ಟೆ. ಆಕೆ ಜಗಳಕ್ಕೆ ಹೋಗಲಿಲ್ಲ. ಹಾಡಿನಲ್ಲೇ ಉತ್ತರ ಕೊಟ್ಟಳು: ರೂಪ ಇಲ್ಲದಿದ್ದರೆ ನಷ್ಟ ಇಲ್ಲ, ದೊಡ್ಡ ಮನೆತನ ಇಲ್ಲದಿದ್ದರೂ ನಷ್ಟ ಇಲ್ಲ, ಬುದ್ಧಿ ಇಲ್ಲದಿದ್ದರೆ ಮಾತ್ರ ನಷ್ಟ. ನಾನು ಇದನ್ನು ಓದಿ ಎದ್ದು ಕೂತೆ. ಹುಟ್ಟು ಹಿಡಿದು ಆಡಿಕೊಳ್ಳುವವರಿಗೆ ಇಷ್ಟು ಚೊಕ್ಕವಾಗಿ ಉತ್ತರ ಕೊಟ್ಟವರನ್ನು ನಾನು ಜಾಸ್ತಿ ನೋಡಿಲ್ಲ.

ಇನ್ನು ನಮ್ಮ ಕಡೆಯ ನಂಟು. 1928ರಲ್ಲಿ ಸಿತಿ ತನ್ನ ಮೇಳದ ಜೊತೆ ಹಡಗು ಹತ್ತಿ ಮುಂಬೈಗೆ ಬಂದಳು, ಎಚ್‌ಎಂವಿ ಅನ್ನೋ ಗ್ರಾಮಫೋನ್ ಕಂಪನಿಗೆ ಹಾಡು ರೆಕಾರ್ಡ್ ಮಾಡಲು. ಸ್ವಾಹಿಲಿ ಹೆಣ್ಣುದನಿ ಮೊದಲ ಬಾರಿ ಪ್ಲೇಟಿಗೆ ಇಳಿದಿದ್ದು ನಮ್ಮ ಮುಂಬೈಯಲ್ಲಿ! ಇದು ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ ಅನ್ನೋದು ಬೇಜಾರು. ಅದೇ 1928ರಲ್ಲಿ, ಭಾರತದಲ್ಲಿ ಮೊದಮೊದಲು ಗ್ರಾಮಫೋನಿಗೆ ಹಾಡಿದ ಗೌಹರ್ ಜಾನ್ ಮೈಸೂರು ಅರಮನೆಗೆ ಗಾಯಕಿಯಾಗಿ ಬಂದಿದ್ದರು. ಇಬ್ಬರೂ ಭೇಟಿಯಾಗಿರಲಿಕ್ಕಿಲ್ಲ. ಆದರೂ ಒಂದೇ ವರ್ಷ, ಒಂದೇ ಯಂತ್ರದ ಮುಂದೆ ಹಾಡಿ ಹೆಸರಾದ ಇಬ್ಬರು ಹೆಂಗಸರು ಸಮುದ್ರದ ಈ ಬದಿಯಲ್ಲಿದ್ದರು ಅಂತ ನೆನೆದರೆ ಏನೋ ಖುಷಿ.

ಆಗಿನ ಪ್ಲೇಟಿನ ಒಂದು ಬದಿಗೆ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷ. ಮದುವೆ ಮನೆಯ ತಾರಬ್ ಹಾಗಲ್ಲ, ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತಾರೆ, ಕೇಳುತ್ತಾ ಕೂತ ಹೆಂಗಸು ತನ್ನ ಮನಸ್ಸಿಗೆ ತಾಗಿದ ಸಾಲು ಬಂದಾಗ ಎದ್ದು, ನಿಧಾನಕ್ಕೆ ಕುಣಿಯುತ್ತಾ ಬಂದು ಹಾಡುಗಾರ್ತಿಯ ಕೈಗೆ ದುಡ್ಡು ಕೊಟ್ಟು ಹೋಗುತ್ತಾಳೆ. ಅದನ್ನೆಲ್ಲ ಮೂರು ನಿಮಿಷಕ್ಕೆ ಕುಗ್ಗಿಸಬೇಕಿತ್ತು. ಆದರೂ ಎರಡು ಮೂರು ವರ್ಷದಲ್ಲಿ ನೂರಕ್ಕೂ ಜಾಸ್ತಿ ಹಾಡು ರೆಕಾರ್ಡ್ ಆದವು. ಪೂರ್ವ ಆಫ್ರಿಕಾದ ಕರಾವಳಿಯಲ್ಲೆಲ್ಲ ಆ ಪ್ಲೇಟುಗಳು ಮಾರಾಟವಾದವು.

ಎಲ್ಲಿ ನೋಡಿದರೂ ಆಕೆಯನ್ನು ಪರಿಚಯಿಸುವುದು "ರೆಕಾರ್ಡ್ ಮಾಡಿದ ಮೊದಲ ಪೂರ್ವ ಆಫ್ರಿಕಾದ ಮಹಿಳೆ" ಅಂತ. ಸರಿ, ನಿಜ. ಆದರೆ ನನಗೆ ಆ ಹೊಗಳಿಕೆ ಸಾಲದು ಅನ್ನಿಸುತ್ತೆ. ಮೊದಲು ಯಂತ್ರದ ಮುಂದೆ ನಿಂತಿದ್ದಕ್ಕಿಂತ ನಿಂತು ಏನು ಹಾಡಿದಳು ಅನ್ನೋದು ದೊಡ್ಡದು.

ಕಿಜಿತಿ ಅನ್ನೋ ಹಾಡನ್ನೇ ತಗೊಳ್ಳಿ. ನಡೆದ ಘಟನೆ ಅದು. ಕಿಜಿತಿ ಒಬ್ಬ ಗಂಡಸಿನ ಹೆಸರು. ದಾರ್ ಎಸ್ ಸಲಾಮ್‌ನಿಂದ ಜಾಂಜಿಬಾರಿಗೆ ಬಂದಿದ್ದ ಒಬ್ಬ ಬಸುರಿ ಹೆಂಗಸನ್ನು ಅವನು ಪೊದೆಗಳ ಕಡೆ ಕರೆದುಕೊಂಡು ಹೋಗಿ ಕೊಂದ. ಕೊಂದು ದ್ವೀಪ ಬಿಟ್ಟು ಓಡಿಹೋದ. ಕೋರ್ಟಿನಲ್ಲಿ ಶಿಕ್ಷೆ ಆಗಿದ್ದು ಯಾರಿಗೆ ಗೊತ್ತಾ? ಅವಳ ಜೊತೆ ಹೋಗಿದ್ದ, ಆಮೇಲೆ ಸಾಕ್ಷಿ ಹೇಳಲು ಬಂದ ಗೆಳತಿಯರಿಗೆ. ಸಿತಿ ಇದನ್ನು ಸುತ್ತಿ ಬಳಸಿ ಹೇಳುವುದಿಲ್ಲ. ನೋಡಿ, ನೋಡಿ, ಈ ಕಿಜಿತಿ ಏನು ಮಾಡಿದ ನೋಡಿ ಅಂತಲೇ ಶುರು ಮಾಡುತ್ತಾಳೆ. ಬ್ರಿಟಿಷರು ಆಳುತ್ತಿದ್ದ ಊರಿನಲ್ಲಿ, ಅವರ ನ್ಯಾಯಾಧೀಶನನ್ನೇ ಹಾಡಿನೊಳಗೆ ತಂದು ಕೂರಿಸಿ! ಓದು ಬಾರದ ಕೇರಿಗೆ ಕೋರ್ಟಿನ ಸುದ್ದಿ ಮುಟ್ಟುತ್ತಿದ್ದುದು ಇಂಥ ಹಾಡುಗಳಿಂದ. ಸತ್ತವಳೂ ಬಡವಿ, ಜೈಲಿಗೆ ಹೋದವರೂ ಬಡವಿಯರು. ಅವರ ಪರವಾಗಿ ಜೋರಾಗಿ ಮಾತಾಡಿದ ದನಿ ಒಂದು ಕಾಲಕ್ಕೆ ಮಡಿಕೆ ಕೂಗಿ ಮಾರಿದ ದನಿಯೇ.

1950ರ ಜುಲೈ 8ರಂದು ಸಿತಿ ತೀರಿಕೊಂಡಳು. ಸ್ವಾಹಿಲಿಯ ದೊಡ್ಡ ಕವಿ ಶಾಬಾನ್ ರಾಬರ್ಟ್ ಆಕೆಯ ಜೀವನಚರಿತ್ರೆ ಬರೆದಿದ್ದಾನೆ. ತಾಂಜಾನಿಯಾದ ಮಹಿಳಾ ಪತ್ರಕರ್ತರ ಸಂಘ ತಮ್ಮ ಪತ್ರಿಕೆಗೆ 'ಸೌತಿ ಯಾ ಸಿತಿ', ಅಂದರೆ ಸಿತಿಯ ದನಿ, ಅಂತಲೇ ಹೆಸರಿಟ್ಟಿತು.

ಜಾಂಜಿಬಾರಿನ ಇನ್ನೊಬ್ಬ ಹಾಡುಗಾರ್ತಿ ಬಿ ಕಿದುದೆ. ಚಿಕ್ಕವಳಿದ್ದಾಗ ಸಿತಿಯ ಹಾಡು ಕೇಳಿ ಕೇಳಿ ಕಲಿತವಳು. ತನ್ನ ವಯಸ್ಸೆಷ್ಟು ಅಂತ ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ, 2013ರಲ್ಲಿ ಹೋದಾಗ ನೂರು ದಾಟಿತ್ತು ಅಂತಾರೆ. ಮುದುಕಿಯಾದ ಮೇಲೂ, ದನಿ ಒಡೆದು ಒರಟಾದ ಮೇಲೂ, ಊರೂರು ತಿರುಗಿ ಹಾಡಿದಳು. ಅವಳು ಹಾಡಿದ ಕಿಜಿತಿಯೂ ಸಿಗುತ್ತೆ, ಹುಡುಕಿ ಕೇಳಿ. ಆ ಬಸುರಿ ಹೆಂಗಸು ಸತ್ತು ಎಷ್ಟೋ ದಶಕ ಆಗಿದ್ದರೂ ಈ ಅಜ್ಜಿ ನಿನ್ನೆ ಮೊನ್ನೆ ಪಕ್ಕದ ಬೀದಿಯಲ್ಲಿ ನಡೆದ ಹಾಗೆ ಹೇಳುತ್ತಾಳೆ, ಅಷ್ಟೇ ಸಿಟ್ಟಿನಲ್ಲಿ.