ಒಬ್ಬಳೇ ಕೂತು ಉಣ್ಣೋಕೆ ಒಂದು ಜಾಗ

ಟೋಕಿಯೋದಲ್ಲಿ ಊಟಕ್ಕೆ ತಡವಾದರೆ ಕಷ್ಟ. ಸುಮಾರು ರಾಮೆನ್ (ಸಾರಿನಲ್ಲಿ ಹಾಕಿದ ನೂಡಲ್ಸ್) ಅಂಗಡಿಗಳು ಮಧ್ಯಾಹ್ನ ಮೂರರ ಹೊತ್ತಿಗೆ ಬಾಗಿಲು ಹಾಕಿದರೆ ಮತ್ತೆ ತೆಗೆಯೋದು ಸಂಜೆಗೇ. ಮೊನ್ನೆ ನಿಶಿ-ಕಸಾಯಿಯಲ್ಲಿ ಒಂದು ತೆರೆದಿತ್ತು. ಎಷ್ಟು ಜನ ಅಂತ ಕೇಳಿದರು. ಒಂದು ಬೆರಳು ತೋರಿಸಿದೆ. ಖಾಲಿ ಇದ್ದ ಸ್ಟೂಲಿನ ಕಡೆ ಕೈ ತೋರಿಸಿ ತಮ್ಮ ಕೆಲಸಕ್ಕೆ ಹೋದರು. ಎಷ್ಟು ಹಾಯೆನಿಸಿತು!

ಹಾಸನದ ಕಡೆ ಹೋಟೆಲಿಗೆ ಹೋದರೂ ಇದನ್ನೇ ಕೇಳುತ್ತಾರೆ. "ಒಬ್ರೇನಾ ಮೇಡಂ? ಫ್ಯಾಮಿಲಿ ರೂಮಿಗೆ ಹೋಗಿ." ಅಲ್ಲಿ ಎದುರಿಗೆ ಕೂತವರದ್ದು ಇನ್ನೊಂದು ವಿಚಾರಣೆ. ಯಾವೂರು, ಯಜಮಾನ್ರು ಬರ್ಲಿಲ್ವಾ, ಮಕ್ಕಳೆಷ್ಟು. ಗಂಡಸು ಒಬ್ಬನೇ ಬಂದು ಉಂಡರೆ ಯಾರೂ ತಲೆ ಎತ್ತಿಯೂ ನೋಡಲ್ಲ. ಹೆಂಗಸಿಗೂ ಸುಮ್ನೆ ಹಸಿವಾಗುತ್ತೆ, ಅಲ್ವಾ?

ಇಲ್ಲಿ ಬಾಗಿಲ ಹತ್ತಿರವೇ ಮೆಷಿನ್. ಸಾವಿರ ಯೆನ್ ನೋಟು ಹಾಕಿ, ಬಟನ್ ಒತ್ತಿ, ಚೀಟಿ ಕೌಂಟರಿನ ಮೇಲಿಟ್ಟರೆ ಆಯಿತು. ನನ್ನದು ಕೋಳಿ ಸಾರಿನ ರಾಮೆನ್. ಮೂಳೆ ಗಂಟೆಗಟ್ಟಲೆ ಕುದ್ದು ಸಾರು ಹಾಲಿನ ಹಾಗೆ ಬೆಳ್ಳಗಾಗಿತ್ತು. ಬಿಸಿಯಲ್ಲಿ ನೂಡಲ್ಸ್ ಬೇಗ ಮೆತ್ತಗಾಗುವುದರಿಂದ ಎಲ್ಲರೂ ಮಾತಿಲ್ಲದೆ ಸೊರ್ ಸೊರ್ ಅಂತ ಎಳೆದು ತಿನ್ನುತ್ತಾರೆ. ಪಕ್ಕದಲ್ಲಿ ತಲೆ ನರೆತ ಅಜ್ಜಿಯೊಬ್ಬರಿದ್ದರು. ಮಗ ಎಲ್ಲಿ ಅಂತ ಅವರನ್ನು ಯಾರೂ ಕೇಳಲಿಲ್ಲ. ತಿಂದು ಮುಗಿಸಿ, ಬಟ್ಟಲನ್ನು ಮೇಲಿನ ಕಟ್ಟೆಗೆ ಇಟ್ಟು, ತಮ್ಮ ಜಾಗ ಒರೆಸಿ ಎದ್ದು ಹೋದರು. ನಮ್ಮಮ್ಮ ಹೀಗೆ ಒಬ್ಬರೇ ಹೋಟೆಲಿಗೆ ಹೋಗಿ ಉಂಡದ್ದನ್ನು ನಾನು ಕಂಡೇ ಇಲ್ಲ.

ಜಪಾನೂ ಮೊದಲಿಂದ ಹೀಗಿರಲಿಲ್ಲವಂತೆ. ರಾಮೆನ್ ಅಂಗಡಿ ಅಂದರೆ ಗಂಡಸರ ಜಾಗ, ತನ್ನ ತಾಯಿ ಒಬ್ಬರೇ ಒಳಗೆ ಕಾಲಿಟ್ಟವರಲ್ಲ ಅಂತ ಆಫೀಸಿನ ಗೆಳತಿ ಹೇಳಿದಳು. ಫುಕುಓಕಾ ಊರಿನ ಇಚಿರಾನ್ ಅನ್ನೋ ರಾಮೆನ್ ಅಂಗಡಿಯವರಂತೂ ಸೀಟು ಸೀಟಿನ ಮಧ್ಯೆ ಹಲಗೆ ನಿಲ್ಲಿಸಿಬಿಟ್ಟಿದ್ದಾರೆ. ಮನಸ್ಸು ಮಾಡಿದರೆ ನಮ್ಮೂರಲ್ಲೂ ಗೋಡೆಗೆ ಮುಖ ಮಾಡಿ ನಾಲ್ಕು ಸ್ಟೂಲ್ ಹಾಕಬಹುದು.

ಬೆಂಗಳೂರನ್ನು ಮಾತ್ರ ಬೈಯೋಕಾಗಲ್ಲ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದ ಮೇಲೆ ಟೋಕನ್ ಕೊಟ್ಟು, ನಿಂತು ತಿಂದು ಹೋಗೋದು ಅಲ್ಲಿ ಮಾಮೂಲು. ಕಾಲೇಜಿನ ದಿನಗಳಲ್ಲಿ ಒಬ್ಬಳೇ ನಿಂತು ಎಷ್ಟೋ ಸಲ ಖಾರಾಬಾತ್ ತಿಂದಿದ್ದೇನೆ, ಯಾರೂ ಏನೂ ಕೇಳಿಲ್ಲ.

ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಲೇಬೇಕು. ಆ ಫ್ಯಾಮಿಲಿ ರೂಮಿನಲ್ಲೇ ಬಡಿಸುವ ಹುಡುಗ ಬಕೆಟ್ ಹಿಡಿದು ಬಂದು "ಅಕ್ಕಾ, ಇನ್ನೊಂಚೂರು ಅನ್ನ ಹಾಕ್ಲಾ? ಸಾರು ಬಿಸಿ ಇದೆ" ಅಂತಾನೆ. ಬೇಡ ಅಂದರೂ ಒಂದು ಸೌಟು ಹಾಕೇ ಹಾಕ್ತಾನೆ. ಇಲ್ಲಿ ಇನ್ನಷ್ಟು ನೂಡಲ್ಸ್ ಬೇಕು ಅಂದರೆ ಮತ್ತೆ ದುಡ್ಡು ಕೊಡಬೇಕು.