ಒಳ್ಳೆಯ ಕ್ವಿಯರ್‌ಗಳಿಗೆ ಮಾತ್ರ ಪ್ರವೇಶ

ಗೆಳತಿಯೊಬ್ಬಳ ಕಥೆ ಸಂಪಾದಕರ ಟಿಪ್ಪಣಿ ಹೊತ್ತುಕೊಂಡು ವಾಪಸ್ ಬಂದಿದೆ. ಈಗಷ್ಟೇ ಓದಿದೆ, ತಲೆ ಕೆಟ್ಟುಹೋಗಿದೆ. ಆದ್ದರಿಂದ ಇದು ಸ್ವಲ್ಪ ಉದ್ದವಾಗುತ್ತೆ. ಪುರುಸೊತ್ತಿಲ್ಲದವರು ಲೈಕ್ ಒತ್ತಿ ಮುಂದೆ ಹೋಗಿ, ಬೇಜಾರಿಲ್ಲ.

ಅವಳು ಕಥೆ ಕಳಿಸಿದ್ದ ಸಂಕಲನದ ಆಹ್ವಾನದಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು: ಕ್ವಿಯರ್ ಲೇಖಕರೇ, ಧೈರ್ಯವಾಗಿ ಬರೆಯಿರಿ, ಇಲ್ಲಿ ಎಲ್ಲದಕ್ಕೂ ಜಾಗ ಇದೆ. ಕ್ವಿಯರ್ ಅಂದರೆ ಸಲಿಂಗಿಗಳು, ಹುಟ್ಟಿದಾಗ ಗುರುತಿಸಿದ ಲಿಂಗಕ್ಕೆ ಹೊಂದದ ಟ್ರಾನ್ಸ್ ಜನ, ಹೀಗೆ ನಮ್ಮಂಥವರು. ಇವಳು ನಂಬಿದಳು, ಪಾಪ. ಕಥೆಯಲ್ಲಿ ಇಬ್ಬರು ಹೆಂಗಸರು, ಬಹಳ ಕಾಲದ ಸಂಸಾರ. ಒಬ್ಬಳು ಹಾಸಿಗೆ ಹಿಡಿದಿದ್ದಾಳೆ. ಇನ್ನೊಬ್ಬಳು ದಿನಾ ಔಷಧಿಗೆ ಒಂದಿಷ್ಟು ವಿಷ ಬೆರೆಸಿ ಚಮಚದಲ್ಲಿ ಕುಡಿಸುತ್ತಾಳೆ. ಕುಡಿಸಿ, ಬಾಯಿ ಒರೆಸಿ, ತಲೆ ಬಾಚುತ್ತಾಳೆ. ಕುಡಿಯುವವಳಿಗೂ ವಿಷಯ ಗೊತ್ತು. ಭಯ ಇರುವುದೇ ಅಲ್ಲಿ. ಅಂಚಿನಲ್ಲಿ ಸಂಪಾದಕರ ಮೊದಲ ಟಿಪ್ಪಣಿ: "ವಿಷ ಹಾಕುವ ಪಾತ್ರ ಗಂಡಸಾದರೆ ಹೇಗೆ?" ಎರಡು ಪುಟ ಬಿಟ್ಟು: "ಕೊನೆಗೆ ಸಿಕ್ಕಿಬಿದ್ದರೆ ಓದುಗರಿಗೆ ಸಮಾಧಾನ." ಕಡೆಗೆ: "ಸಮುದಾಯದ ಬಗ್ಗೆ ತಪ್ಪು ಸಂದೇಶ ಹೋಗಬಹುದು."

ಸಂದೇಶ ಬೇಕಿದ್ದರೆ ಪೋಸ್ಟರ್ ಬರೆಸಬೇಕಿತ್ತು ಸ್ವಾಮಿ, ಕಥೆ ಯಾಕೆ ಕೇಳಿದಿರಿ?

ಕೆಟ್ಟವರು ಸಿಕ್ಕಿಬೀಳಲೇಬೇಕು ಅನ್ನುವುದು ಹೊಸ ಮಾತೇನಲ್ಲ. ಹಾಲಿವುಡ್‌ನಲ್ಲಿ ಹೇಸ್ ಕೋಡ್ ಅಂತ ಒಂದು ನಿಯಮಾವಳಿ ಇತ್ತು. 1934ರಿಂದ ಬಿಗಿಯಾಗಿ ಜಾರಿಗೆ ಬಂದು 1968ರಲ್ಲಿ ಹೋಯಿತು. ಪ್ರೇಕ್ಷಕರ ಮರುಕ ಅಪರಾಧಿಯ ಕಡೆ ವಾಲಬಾರದು. 'ಲೈಂಗಿಕ ವಿಕೃತಿ'ಯ ಸುಳಿವೂ ತೆರೆಯ ಮೇಲೆ ಬರಬಾರದು. ಆ ವಿಕೃತಿ ಅಂದರೆ ನಾವೇ, ಬೇರೆ ಯಾರಲ್ಲ. ಹಾಗಾಗಿ ನಮ್ಮಂಥವರು ತೆರೆಯ ಮೇಲೆ ಬಂದರೂ ಹೆಸರಿಲ್ಲದ ಖಳರಾಗಿ ಬಂದು ಕೊನೆಯಲ್ಲಿ ಸಾಯುತ್ತಿದ್ದರು. ಅಂದಿನವರು ನಾವು ಸತ್ತರೆ ಮಾತ್ರ ಒಳಗೆ ಬಿಡುತ್ತಿದ್ದರು. ಇಂದಿನ ಹಿತೈಷಿಗಳು ನಾವು ಯಾರನ್ನೂ ಸಾಯಿಸದಿದ್ದರೆ ಮಾತ್ರ ಬಿಡುತ್ತಾರೆ. ಇದನ್ನೇ ಪ್ರಗತಿ ಅಂತಾರೆ ಅಲ್ವಾ?

ಉರ್ದು ಲೇಖಕಿ ಇಸ್ಮತ್ ಚುಗ್ತಾಯಿ ಅವರ 'ಲಿಹಾಫ್' (ರಜಾಯಿ) ಪ್ರಕಟವಾಗಿದ್ದು 1942ರಲ್ಲಿ. ಬೇಗಂ ಒಬ್ಬಳು ಮತ್ತು ಅವಳ ಸೇವಕಿಯ ಸಂಬಂಧದ ಕಥೆ. ಅಶ್ಲೀಲ ಅಂತ ಲಾಹೋರ್ ಕೋರ್ಟಿನಲ್ಲಿ ಕೇಸು ನಡೆಯಿತು, ಕೊನೆಗೆ ಖುಲಾಸೆಯಾಯಿತು. ಈಗ ಎಲ್ಲರೂ ಅದನ್ನು ಹೊಗಳುತ್ತಾರೆ. ಆದರೆ ಅದೇನು ಸಿಹಿ ಪ್ರೇಮಕಥೆಯೇ? ರಾತ್ರಿ ಗೋಡೆಯ ಮೇಲೆ ಆನೆಯ ಹಾಗೆ ಅಲುಗಾಡುವ ನೆರಳು ನೋಡಿ ಹೆದರುವ ಪುಟ್ಟ ಹುಡುಗಿಯ ಕಣ್ಣಲ್ಲಿ ನಡೆಯುವ ಕಥೆ ಅದು. ಇವತ್ತು ಇವರ ಕೈಗೆ ಸಿಕ್ಕಿದ್ದರೆ ಅಂಚಿನಲ್ಲಿ "ಸ್ವಲ್ಪ ಭರವಸೆ ಸೇರಿಸಿ" ಅಂತ ಬರೆದು ಕಳಿಸುತ್ತಿದ್ದರು.

"ಹೊರಗಿನವರು ಮೊದಲೇ ನಮ್ಮನ್ನು ಕೆಟ್ಟವರು ಅಂತಾರೆ, ನಾವೇ ಯಾಕೆ ಸಾಕ್ಷಿ ಒದಗಿಸಬೇಕು?" ಅನ್ನುವವರಿದ್ದಾರೆ. ನಮ್ಮವರೇ ಜಾಸ್ತಿ. ದ್ವೇಷಿಸುವವರು ನಮ್ಮ ಕಥೆ ಓದಿ ದ್ವೇಷ ಶುರು ಮಾಡಿದ್ದಲ್ಲ, ಓದದಿದ್ದರೆ ನಿಲ್ಲಿಸುವುದೂ ಇಲ್ಲ. ಇನ್ನು, ಓದಿ ನೋವಾಗುವವರ ಮಾತು. ಅದು ನಿಜವಾದ ಮಾತೇ, ಆದರೆ ಅದಕ್ಕೆ ದಾರಿ ಕಂಡುಹಿಡಿದು ಬಹಳ ಕಾಲವಾಯಿತು. ಆರ್ಕೈವ್ ಆಫ್ ಅವರ್ ಓನ್ ಅನ್ನುವ, ಸಿನಿಮಾ-ಕಾದಂಬರಿಗಳ ಪಾತ್ರಗಳನ್ನಿಟ್ಟು ಅಭಿಮಾನಿಗಳೇ ಬರೆಯುವ ಕಥೆಗಳ ಆನ್‌ಲೈನ್ ಭಂಡಾರವನ್ನೇ ನೋಡಿ. ಹಿಂಸೆ, ಸಾವು, ಅತ್ಯಾಚಾರ ಇದ್ದರೆ ಲೇಖಕರು ಮೊದಲೇ ಗುರುತು ಹಾಕುತ್ತಾರೆ. ಗುರುತು ಹಾಕಲು ಇಷ್ಟವಿಲ್ಲದಿದ್ದರೆ 'ಎಚ್ಚರಿಕೆ ಬಳಸಿಲ್ಲ' ಅಂತಲಾದರೂ ಹೇಳಬೇಕು. ಓದಬೇಕೋ ಬೇಡವೋ ಅನ್ನುವುದು ಓದುಗರ ಕೈಯಲ್ಲಿ. ಬಾಗಿಲಿಗೆ ಫಲಕ ಹಾಕುವುದು ಬೇರೆ, ಇಟ್ಟಿಗೆ ಇಟ್ಟು ಬಾಗಿಲನ್ನೇ ಮುಚ್ಚುವುದು ಬೇರೆ.

ನನ್ನ ಕಥೆಗಳಲ್ಲಿ ಯಾಕೆ ಇಷ್ಟು ಹೆಣ ಬೀಳುತ್ತೆ ಅಂತ ಕೇಳುತ್ತಿರುತ್ತೀರಲ್ಲ, ಇವತ್ತು ಹೇಳಿಬಿಡುತ್ತೇನೆ. ಹದಿಹರೆಯದಲ್ಲಿ ನನಗೆ ನನ್ನ ಮುಖ ಕಂಡಿದ್ದು ಒಳ್ಳೆಯ ಪಾತ್ರಗಳಲ್ಲಲ್ಲ, ರಕ್ತಪಿಶಾಚಿಗಳಲ್ಲಿ. ಹಗಲು ಅಡಗಿಕೊಳ್ಳುವುದು, ಬೇಕಾದದ್ದನ್ನು ಬೇಕು ಅನ್ನಲಾಗದೆ ಒದ್ದಾಡುವುದು, ಹತ್ತಿರ ಬಂದವರಿಗೆ ತನ್ನಿಂದಲೇ ಕೇಡಾದೀತು ಅಂತ ಹೆದರುವುದು, ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಸಿಟ್ಟು ಮಾಡಿಕೊಳ್ಳುವ ಹಾಗೂ ಇರಲಿಲ್ಲ. "ನೋಡಿ, ಇವರು ಹೀಗೇ" ಅನ್ನೋರು. ಹಲ್ಲು ಕಡಿಯಲು ನನಗೆ ಉಳಿದಿದ್ದು ಕಾಗದ ಮಾತ್ರ. ಈಗ ಅದರಲ್ಲೂ ನಗುತ್ತಾ ಇರಿ ಅಂದರೆ?

ಹೊರಗಿನವರ ಕಾಟಕ್ಕಿಂತ ನನ್ನನ್ನು ಹೆಚ್ಚು ಉರಿಸುವುದು ಒಳಗಿನವರ ತನಿಖೆ. 2020ರ ಜನವರಿಯಲ್ಲಿ ಕ್ಲಾರ್ಕ್ಸ್‌ವರ್ಲ್ಡ್ ಅನ್ನುವ ಇಂಗ್ಲಿಷ್ ವೈಜ್ಞಾನಿಕ ಕಥೆಗಳ ಪತ್ರಿಕೆ ಇಸಬೆಲ್ ಫಾಲ್ ಎಂಬ ಹೆಸರಿನಲ್ಲಿ ಒಂದು ಕಥೆ ಹಾಕಿತು. ಟ್ರಾನ್ಸ್ ಜನರನ್ನು ಅಣಕಿಸುವ 'ನಾನು ದಾಳಿ ಹೆಲಿಕಾಪ್ಟರ್ ಅಂತ ಗುರುತಿಸಿಕೊಳ್ಳುತ್ತೇನೆ' ಅನ್ನುವ ಜೋಕನ್ನೇ ಲೇಖಕಿ ಶೀರ್ಷಿಕೆ ಮಾಡಿ, ತಿರುಗಿಸಿ ಕಥೆ ಹೆಣೆದಿದ್ದರು. ಎಷ್ಟೋ ಜನ ಶೀರ್ಷಿಕೆ ನೋಡಿಯೇ ಮುಗಿಬಿದ್ದರು. ಪರಿಚಯದಲ್ಲಿ 1988ರಲ್ಲಿ ಹುಟ್ಟಿದವರು ಅಂತಷ್ಟೇ ಇತ್ತು, ಆ 88ರಲ್ಲೂ ನಾಜಿ ಸಂಕೇತ ಹುಡುಕಿದರು (H ಇಂಗ್ಲಿಷಿನ ಎಂಟನೇ ಅಕ್ಷರ, 88 ಅಂದರೆ 'ಹೈಲ್ ಹಿಟ್ಲರ್')! ಕೊನೆಗೆ ಲೇಖಕಿ ಕಥೆಯನ್ನೇ ವಾಪಸ್ ತೆಗೆಸಿದರು. ಅವರು ಟ್ರಾನ್ಸ್ ಮಹಿಳೆ, ಕಥೆ ಬಂದಾಗ ಅದನ್ನು ಹೊರಗೆ ಹೇಳಿಕೊಂಡಿರಲಿಲ್ಲ ಅಂತ ಸಂಪಾದಕರು ತಿಳಿಸಬೇಕಾಯಿತು. ಮರುವರ್ಷ ಅದೇ ಕಥೆ ವೈಜ್ಞಾನಿಕ ಕಥೆಗಳಿಗೆ ಕೊಡುವ ದೊಡ್ಡ ಗೌರವವಾದ ಹ್ಯೂಗೊ ಪ್ರಶಸ್ತಿಯ ಅಂತಿಮ ಪಟ್ಟಿಗೆ ಬಂತು. ಬಂದು ಏನು ಪ್ರಯೋಜನ? ಕರಾಳ ಕಥೆ ಬರೆಯಬೇಕಾದರೆ ಮೊದಲು ಊರೆಲ್ಲ ಕೇಳುವ ಹಾಗೆ ನಿನ್ನ ಗುಟ್ಟು ಹೇಳು ಅನ್ನುವುದು ಯಾವ ಸೀಮೆಯ ನ್ಯಾಯ?

ದುಡ್ಡಿನ ಕಡೆಯಿಂದ ಬೀಳುವ ಏಟು ಇನ್ನೊಂದು. 2009ರ ಏಪ್ರಿಲ್‌ನಲ್ಲಿ ಅಮೆಜಾನ್‌ನಲ್ಲಿ 57,310 ಪುಸ್ತಕಗಳು ಮಾರಾಟದ ಶ್ರೇಯಾಂಕದಿಂದ ಮಾಯವಾದವು. ಸಲಿಂಗಿಗಳ ಕುರಿತ ಪುಸ್ತಕಗಳೂ ಅದರಲ್ಲಿದ್ದವು. ಕಂಪನಿ ಅದನ್ನು ಪಟ್ಟಿ ಮಾಡುವಾಗ ಆದ ತಪ್ಪು ಅಂದಿತು. 2025ರ ಜುಲೈನಲ್ಲಿ, ಸ್ವತಂತ್ರ ಗೇಮ್, ಪುಸ್ತಕ ಮಾಡುವವರು ತಮ್ಮ ಕೃತಿ ಮಾರುವ ಜಾಲತಾಣ ಇಚ್ ಡಾಟ್ ಐಒ, ಪಾವತಿ ಕಂಪನಿಗಳ ಒತ್ತಡಕ್ಕೆ ವಯಸ್ಕರ ಕೃತಿಗಳನ್ನೆಲ್ಲ ಹುಡುಕಾಟದಿಂದ ಮರೆಮಾಡಿತು. ಕ್ವಿಯರ್ ಸೃಷ್ಟಿಕರ್ತರ ಕೆಲಸವೂ ಅದರ ಜೊತೆಗೇ ಹೋಯಿತು.

ಜಾಗ ಕೊಡುತ್ತೇವೆ ಅನ್ನುವ ಸಂಪಾದಕರೇ, ನಿಮಗೆ ಯಾವುದು ಬೇಡವೋ ಅದನ್ನು ಆಹ್ವಾನದಲ್ಲೇ ಬರೆಯಿರಿ. ಭಯ ಬೇಡವೇ? ಬೇಡ ಅನ್ನಿ, ನಾವು ಬೇರೆ ಕಡೆ ಕಳಿಸುತ್ತೇವೆ. ಬಂದ ಕಥೆ ಭಯ ಹುಟ್ಟಿಸುತ್ತದೋ ಇಲ್ಲವೋ ನೋಡಿ, ಬರೆದವರ ಜಾತಕ ಕೇಳಬೇಡಿ. ಎಲ್ಲರಿಗೂ ಕೊಡುವ ಸಂಭಾವನೆಯನ್ನೇ ಕೊಡಿ. 'ನಿಮಗೊಂದು ವೇದಿಕೆ ಸಿಗುತ್ತಲ್ಲ' ಅನ್ನಬೇಡಿ. ಮತ್ತೆ ಕಮೆಂಟಿನಲ್ಲಿ "ಆದರೂ ಸ್ವಲ್ಪ ಪಾಸಿಟಿವ್ ಆಗಿ..." ಅಂತ ಶುರುಮಾಡುವ ಆತ್ಮೀಯರೇ, ನಿಮ್ಮನ್ನು ನಾನು ಬ್ಲಾಕ್ ಮಾಡುವುದಿಲ್ಲ. ಮುಂದಿನ ಕಥೆಯಲ್ಲಿ ಒಂದು ಹೆಣಕ್ಕೆ ಹೆಸರು ಬೇಕಾಗಿದೆ.