ಕೋಟೆಗಳ ಕಾಲ ಮುಗಿಯಲಿಲ್ಲ, ಗೋಡೆ ತಗ್ಗಿತು ಅಷ್ಟೇ

ಫಿರಂಗಿ ಬಂದ ಮೇಲೆ ಯುರೋಪಿನಲ್ಲಿ ಕೋಟೆಗಳ ಕಾಲ ಮುಗಿಯಿತು ಎಂದು ಲೇಖನದಲ್ಲಿ ಬರೆದಿದ್ದೀರಿ. ನನಗೆ ಒಪ್ಪಿಗೆಯಿಲ್ಲ ಸರ್. ಮುಗಿದದ್ದು ಎತ್ತರದ, ತೆಳು ಗೋಡೆಗಳ ಕಾಲ. ಇಟಲಿಯವರು ಗೋಡೆ ತಗ್ಗಿಸಿದರು, ದಪ್ಪ ಮಾಡಿದರು, ಹಿಂದೆ ಮಣ್ಣು ತುಂಬಿದರು. ಕಲ್ಲಿಗೆ ಗುಂಡು ಬಡಿದರೆ ಚೂರು ಸಿಡಿಯುತ್ತದೆ. ಮಣ್ಣಿಗೆ ಬಡಿದರೆ ಸುಮ್ನೆ ಹೂತು ಹೋಗುತ್ತದೆ. ದುಂಡು ಬುರುಜಿನ ಬುಡದಲ್ಲಿ ಶತ್ರು ಅವಿತುಕೊಳ್ಳಲು ಜಾಗ ಸಿಗುತ್ತಿತ್ತು. ಅದಕ್ಕೇ ಬುರುಜನ್ನು ಬಾಣದ ಮೊನೆಯ ಹಾಗೆ ಚೂಪು ಮಾಡಿದರು. ಪಕ್ಕದ ಬುರುಜಿನಿಂದ ಹೊಡೆದರೆ ಗುಂಡು ಗೋಡೆಯನ್ನು ಸವರಿಕೊಂಡೇ ಹೋಗುತ್ತಿತ್ತು. 1593ರಲ್ಲಿ ವೆನಿಸ್‌ನವರು ಶುರು ಮಾಡಿದ ಪಾಲ್ಮನೋವಾ ಎಂಬ ಕೋಟೆ ಊರಿನ ಒಂಬತ್ತು ಮೂಲೆಯ ನಕ್ಷತ್ರವನ್ನು ಮೇಲಿನಿಂದ ತೆಗೆದ ಫೋಟೋದಲ್ಲಿ ನೋಡಿ, ಎಷ್ಟು ಚೆಂದ ಅಲ್ವಾ!

ಇಂಥ ಕೋಟೆ ಗೆಲ್ಲಲು ಗುದ್ದಲಿಯೇ ಬೇಕಾಯಿತು. 1673ರ ಜೂನ್‌ನಲ್ಲಿ ಈಗಿನ ನೆದರ್‌ಲ್ಯಾಂಡ್ಸ್‌ನ ಮಾಸ್ಟ್ರಿಕ್ಟ್ ಊರಿಗೆ ಮುತ್ತಿಗೆ ಹಾಕಿದಾಗ, ಫ್ರಾನ್ಸಿನ ಸೇನಾ ಎಂಜಿನಿಯರ್ ವೊಬಾನ್ ತನ್ನ ಸೈನಿಕರು ಗುಂಡಿನಿಂದ ಮರೆಯಾಗಿರಲೆಂದು ಕೋಟೆಗೆ ಸಮಾನಾಂತರವಾಗಿ ಉದ್ದದ ಕಂದಕ ತೋಡಿಸಿದ. ಅಲ್ಲಿಂದ ಅಂಕುಡೊಂಕಾಗಿ ಮುಂದಕ್ಕೆ ತೋಡಿ, ಇನ್ನೊಂದು ಸಮಾನಾಂತರ. ನೇರವಾಗಿ ತೋಡಿದ್ದರೆ ಒಂದೇ ಗುಂಡು ಸಾಲಿಗೆ ಸಾಲನ್ನೇ ಬೀಳಿಸುತ್ತಿತ್ತು. ಒಂದು ತಿಂಗಳೂ ಹಿಡಿಯಲಿಲ್ಲ, ಊರು ಶರಣಾಯಿತು.

ಹೆಣೆದ ದೊಡ್ಡ ಬುಟ್ಟಿಗಳಿಗೆ ಮಣ್ಣು ತುಂಬಿ, ಅದರ ಮರೆಯಲ್ಲಿ ಬಗ್ಗಿಕೊಂಡು ರಾತ್ರಿಯೆಲ್ಲ ಅಗೆದವರ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲ. ದಯವಿಟ್ಟು ಅವರ ಬಗ್ಗೆಯೂ ಬರೆಯಿರಿ.